ಬಾನೆಟ್ಟಿನೊಳಗೆ ಮಟ್ಟದ ಪೈಪು

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಅದೂ ಮೆಕ್ಯಾನಿಕಲ್ ಇಂಜಿನಿಯರಿಂಗ್. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಯಾದಗಿರಿ ಕಡೆಯಿಂದ ಪುಣೆಗೆ ಗೌಂಡಿ ಕೆಲಸಕ್ಕೆ ಬಂದ ಅಪ್ಪ, ಅವ್ವ ತಗಡಿನ ಶೆಡ್ಡಿನಲ್ಲಿದ್ದುಕೊಂಡು ಓದಿಸಿದರು. ನಾನು ಬಿದ್ದು ಎದ್ದು ಪಾಸಾದೆ. ಸಂಕೋಚಪಡಬೇಕಾದ್ದು ಬೇರೆಯದಕ್ಕೆ. ಕಳೆದ ಮಳೆಗಾಲದವರೆಗೆ ಅಪ್ಪನ ಹಳೇ ಕಾರಿನ ಬಾನೆಟ್ಟನ್ನು ನಾನು ಒಮ್ಮೆಯೂ ಎತ್ತಿ ನೋಡಿರಲಿಲ್ಲ.

ಕಾರಿಗೆ ಇಪ್ಪತ್ತು ವರ್ಷ ತುಂಬಿತ್ತು. ಹೊಗೆ ಪರೀಕ್ಷೆಯಲ್ಲಿ ಪಾಸಾದರೆ ನೋಂದಣಿ ಮುಂದುವರಿಯುತ್ತದೆ, ಇಲ್ಲವಾದರೆ ಗುಜರಿಗೆ. ಊರ ತುಂಬ ಬೇರೆಯವರ ಮನೆ ಕಟ್ಟಿದ ಅಪ್ಪನ ಹೆಸರು ಮಾಲೀಕ ಅಂತ ಇರುವುದು ಆ ಕಾರಿನ ಕಾಗದವೊಂದರಲ್ಲೇ. ಎರಡು ಸಲ ಫೇಲಾಯಿತು. ಮನೆ ಮುಂದೆ ಶಾಂತವಾಗಿರುವ ಇಂಜಿನ್ನು ಪರೀಕ್ಷೆಯ ಸಾಲಿನಲ್ಲಿ ನಿಂತು ಬಿಸಿಯಾದ ಕೂಡಲೇ ನಡುಗಿ ಕರಿಹೊಗೆ ಬಿಡುತ್ತಿತ್ತು. "ಆತಾ ಸೋಡಾ ಹಿಲಾ, ಕಾಕಾ," ಇನ್ನು ಇದನ್ನು ಬಿಟ್ಟುಬಿಡಿ ಎಂದ ಪರೀಕ್ಷೆಯವನು. ಮನೆ ಮುಟ್ಟಿದ ಮೇಲೆ ಅಪ್ಪ ಬಾನೆಟ್ಟಿನ ಮೇಲೆ ಕೈ ಬಡಿದು ನನ್ನನ್ನು ಕರೆದ.

"ಲೇ ಇಂಜಿನಿಯರ್ ಸಾಹೇಬಾ, ಫ್ಯಾಕ್ಟರ್ಯಾಗ ಏನ್ ಮಾಡ್ತಿ ನೀ?"

"ಕ್ವಾಲಿಟಿ ನೋಡ್ತೀನಿ."

"ಹಂಗಾರ ಇದರದೂ ಒಂದೀಟು ನೋಡು."

"ಕೈ ಹೊಲಸಾಗ್ತಾವಂತ ಹೆದರ್ಯಾನ್ರಿ ನಿಮ್ಮ ಮಗ," ಅಂದಳು ಅವ್ವ ಒಳಗಿನಿಂದ.

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿದೆ. ಇಂಜಿನ್ನು ಉಸಿರೆಳೆಯುವಾಗಿನ ಸೆಳೆತವನ್ನು ಅಲ್ಲಿಲ್ಲಿಗೆ ಒಯ್ಯಲು ಸಣ್ಣ ಸಣ್ಣ ರಬ್ಬರ್ ಪೈಪುಗಳಿರುತ್ತವೆ. ಒಂದು ಬ್ರೇಕಿಗೆ, ಒಂದು ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿಯುವ ಡಬ್ಬಿಗೆ, ಇನ್ನೊಂದು ಎಷ್ಟು ಪೆಟ್ರೋಲ್ ಬಿಡಬೇಕೆಂದು ತಿಳಿಸುವ ಸೆನ್ಸರಿಗೆ. ಒಂದೊಂದನ್ನೂ ಬೆರಳಿನಿಂದ ಸವರುತ್ತ ಹೋದೆ. ಸೆನ್ಸರಿನ ಹತ್ತಿರ ಕೈಗೆ ಸಿಕ್ಕಿದ್ದು ರಬ್ಬರಲ್ಲ. ಶಾಖ ತಿಂದು ಹಳದಿಯಾದ ಪ್ಲಾಸ್ಟಿಕ್ ಪೈಪಿನ ತುಂಡು. ತುದಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಸರಳು ಕಟ್ಟುವ ಬೈಂಡಿಂಗ್ ತಂತಿಯಿಂದ ಬಿಗಿದಿತ್ತು.

ಆ ಪೈಪು ನನಗೆ ಗೊತ್ತಿರದೆ ಏನು! ಗೋಡೆಗಳ ಎತ್ತರ ಸಮ ಇದೆಯೋ ಎಂದು ನೋಡಲು ಗೌಂಡಿಗಳು ನೀರು ತುಂಬಿ ಹಿಡಿಯುವ ಮಟ್ಟದ ಪೈಪು. ಒಂದು ತುದಿಯಲ್ಲಿ ಅಪ್ಪ, ಇನ್ನೊಂದು ತುದಿಯಲ್ಲಿ ಅವ್ವ, "ಬಂತೇನ?" "ಇನ್ನೊಂದ ನೂಲು ಇಳಸ್ರಿ" ಎಂದು ಇಂಚಿನ ಎಂಟನೇ ಪಾಲಿನ ಲೆಕ್ಕದಲ್ಲಿ ಕೂಗಾಡುವುದನ್ನು ಕೇಳುತ್ತಲೇ ನಾನು ಮಗ್ಗಿ ಕಲಿತದ್ದು.

"ಅಪ್ಪಾ, ಇದು ಯಾರ ಕೆಲಸ?"

"ನಂದ. ನಿನ್ನ ಕಡೀ ಪರೀಕ್ಷಿ ದಿನ ಹಡಪಸರದಾಗ ಗಾಡಿ ನಿಂತಿತ್ತಲ್ಲ, ಅವತ್ತು ಹಾಕೀನಿ."

ನೆನಪಾಯಿತು. ಜಡಿಮಳೆ. ನನ್ನ ತೊಡೆಯ ಮೇಲೆ ಪ್ರಾಜೆಕ್ಟಿನ ಗೇರ್‌ಬಾಕ್ಸ್ ಮಾಡೆಲ್, ಕೈಯಲ್ಲಿ ನೋಟ್ಸು. ಅಪ್ಪ ಇಳಿದು ಹೋಗಿ ಸೈಟಿನ ಸಾಮಾನಿದ್ದ ಡಿಕ್ಕಿ ತೆಗೆದ, ಬಾನೆಟ್ ಎತ್ತಿದ. ನಾನು ಗಾಜು ಇಳಿಸಿ "ಲಗೂನ, ಅಪ್ಪಾ" ಅಂದೆ, ಅಷ್ಟೇ. ಅವನು ತೊಯ್ದು ತಪ್ಪಡಿಯಾಗಿ ಬಂದು ಕೂತ, ಗಾಡಿ ಹೊರಟಿತು. ಏನು ಮಾಡಿದೆ ಅಂತ ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

"ಮತ್ತ ಪೈಪ್ ಕತ್ತರಿಸಿದ ಮ್ಯಾಲ ಸೈಟಿನಾಗ?"

"ಪೈಪ್ ಗಿಡ್ಡಾತು. ಮೂಲಿಗೆ ಮುಟ್ಟವಲ್ಲದು. ಒಂದ ಅಳತಿ ಎರಡ ಸಲ ತಗೊಂಡ್ವಿ."

"ಕೆಲಸ ಹೇಳೋ ಮುಕಾದಮ ಬೈದದ್ದು ಹೇಳ್ರಿ," ಅಂದಳು ಅವ್ವ.

"ಏ, ಅವ ಎಂದ ಬೈದಿಲ್ಲ?"

ನಾನು ಬಗ್ಗಿ ತಂತಿ ಬಿಚ್ಚಿದೆ. ಆಮೇಲೆ ಹೇಳಿದೆ, ಹೊಗೆಗೆ ಕಾರಣ ಇದೇ ಅಂತ. ತಣ್ಣಗಿದ್ದಾಗ ಗಟ್ಟಿ, ಕಾದರೆ ಮೆತ್ತಗಾಗಿ ಅಪ್ಪಚ್ಚಿಯಾಗುತ್ತದೆ, ತುದಿ ಸಡಿಲಾಗಿ ಗಾಳಿ ನುಗ್ಗುತ್ತದೆ. ಸೆನ್ಸರ್ ತಪ್ಪು ತಿಳಿದು ಪೆಟ್ರೋಲ್ ಸುರಿಯುತ್ತದೆ. ಅಪ್ಪ ಒಪ್ಪಲಿಲ್ಲ.

"ಒಂದ ಹನಿ ನೀರ ಬಿಡದ ಪೈಪದು. ಗಾಳಿ ಬಿಡತದೇನು?"

"ನೀರು ಹೊರಗ ನೂಕತದ, ಅಪ್ಪಾ. ಇಂಜಿನ್ ಒಳಗ ಎಳೀತದ. ಬೆರಳಿಡು ಇಲ್ಲಿ."

ಪೈಪು ಕಿತ್ತು ಇಂಜಿನ್ನು ಚಾಲೂ ಮಾಡಿದೆ; ಆ ಬಾಯಿಗೆ ಅವನು ಬೆರಳಿಟ್ಟ. ಮುಖ ಅರಳಿತು. "ಅಲಲಾ, ಕರು ಬಳ್ಳ ಚೀಪಿದಂಗ ಅದಲ್ಲೋ!" ಅವ್ವನನ್ನೂ ಕರೆದು ಬೆರಳಿಡಿಸಿದ.

ಹೊಸ ರಬ್ಬರ್ ಪೈಪು, ಎರಡು ಕ್ಲಿಪ್ಪು ತಂದು ಹಾಕಿದೆ. ಹಳೇ ತುಂಡನ್ನು ಇಟ್ಟುಕೊಳ್ಳಲಾ ಅಂದೆ. "ಅದೇನ್ ದೇವರೇನು? ಒಗಿ," ಅಂದ. ಇಂಜಿನ್ನು ಚೆನ್ನಾಗಿ ಕಾಯಲೆಂದು ಸಾಸವಡದ ದಾರಿಯ ಘಾಟಿ ಹತ್ತಿಸಿ ಇಳಿಸಿ, ಸೀದಾ ಪರೀಕ್ಷೆಗೆ ಒಯ್ದೆ. ಅಪ್ಪ ಪಕ್ಕದಲ್ಲಿ ಕೂತಿದ್ದ, ಕೈಗಳನ್ನು ಮೊಣಕಾಲ ನಡುವೆ ಹಿಡಿದುಕೊಂಡು. ನನ್ನ ರಿಸಲ್ಟಿನ ದಿನ ಕೂಡ ಹೀಗೇ ಕೂತಿದ್ದ ಅಂತ ಅವ್ವ ಹೇಳುತ್ತಾಳೆ; ನಾನು ನೋಡಿರಲಿಲ್ಲ.

ಸೈಲೆನ್ಸರಿಗೆ ನಳಿಕೆ ತೂರಿಸಿದರು. ಇಂಜಿನ್ನು ನಡುಗಲಿಲ್ಲ. ಯಂತ್ರ ಕಾಗದ ಉಗುಳಿತು.

"ಪಾಸ್," ಅಂದ ಪರೀಕ್ಷೆಯವನು.

ಅಪ್ಪನಿಗೆ ಓದಲು ಬಾರದು. ಆದರೂ ಕಾಗದ ಇಸಿದುಕೊಂಡು ಮೇಲಿಂದ ಕೆಳತನಕ ನೋಡಿದ, ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟ. ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದು ನಿಂತ.

"ಆಕಡೆ ಸರದು ಕುಂದ್ರು," ಅಂದ. "ಗಾಡಿ ನಂದು."