ತೆಲಾವನ ಕಂಬ

ನಾನು ಅತ್ತೆ ಎಂದು ಕರೆಯುವ ತೆಮುಕಿಸಾಳ ಬಗ್ಗೆ ನಮ್ಮ ದ್ವೀಪದಲ್ಲಿ ಒಳ್ಳೆಯ ಮಾತಾಡುವವರು ಕಡಿಮೆ. ಮೊಂಡಿ ಎನ್ನುತ್ತಾರೆ. ನಾನೂ ಎನ್ನುತ್ತೇನೆ, ಆದರೆ ನನ್ನ ಬಾಯಲ್ಲಿ ಅದು ಹೊಗಳಿಕೆ.

ಗಂಡ ಸರಕಿನ ಹಡಗಿನಲ್ಲಿ ದುಡಿಯಲು ಹೋಗಿ, ಜ್ವರ ಬಂದು ಅಲ್ಲೇ ತೀರಿಕೊಂಡ. ಆಮೇಲೆ ಅವಳು ತವರಿನ ಪುಲಾಕ ಗುಂಡಿಗೆ ಇಳಿದಳು. ಕೆಸುವಿನ ಜಾತಿಯ ಈ ಗೆಡ್ಡೆಯನ್ನು ಸಿಹಿನೀರು ಒಸರುವಷ್ಟು ಆಳ ಅಗೆದು ನೆಡಬೇಕು. ಒಂದು ವರ್ಷ ಕಡಲು ಉಕ್ಕಿ ಗುಂಡಿಗಳಿಗೆಲ್ಲ ಉಪ್ಪುನೀರು ನುಗ್ಗಿತು. ಊರಿನವರು ಗುಂಡಿ ಬಿಟ್ಟು ಅಂಗಡಿಯ ಅಕ್ಕಿಗೆ ಹೊಂದಿಕೊಂಡರು. ಇವಳು ಆರು ವರ್ಷ ಉಪ್ಪು ಕೆಸರನ್ನು ಬಕೆಟ್ಟಿನಲ್ಲಿ ಹೊತ್ತು ಹಾಕಿದಳು, ಆಚೆ ನಡುಗಡ್ಡೆಯಿಂದ ದೋಣಿಯಲ್ಲಿ ಮಣ್ಣು ತಂದಳು, ಎಲೆ ಕೊಳೆಸಿ ತುಂಬಿದಳು. ಸೊಂಟ ಹೋಯಿತು, ಗೆಡ್ಡೆ ಬಂತು.

ಆ ಗುಂಡಿಯ ಮೇಲೆಯೇ ಎಲ್ಲರ ಕಣ್ಣು ಬಿತ್ತು. ನಮ್ಮ ದೇಶಕ್ಕೆ ಕಡಲೇ ಗದ್ದೆ. ಹೊರಗಿನ ಹಡಗುಗಳು ಇಲ್ಲಿ ಮೀನು ಹಿಡಿಯಲು ಪರವಾನಗಿಗೆ ದುಡ್ಡು ಕಟ್ಟುತ್ತವೆ. ಶಾಲೆ, ಆಸ್ಪತ್ರೆ, ನನ್ನ ಸಂಬಳ ಎಲ್ಲ ಅದರಲ್ಲೇ ನಡೆಯಬೇಕು. ಈ ಸಲ ನಿಮಗೂ ಮೀನು ಇಡಲು ಒಂದು ಐಸ್ ಮನೆ ಕಟ್ಟಿಸುತ್ತೇವೆ ಎಂದು ರಾಜಧಾನಿ ಫುನಾಫುತಿಯಿಂದ ಕಾಗದ ಬಂತು. ದೋಣಿ ತಂಗುವ ಕಡೆ ಜಾಗ ಬೇಕು. ಅಲ್ಲಿರುವುದು ತೆಮುಕಿಸಾಳ ಗುಂಡಿ. ಮುಚ್ಚಿದರಾಯಿತು ಎಂದು ಹಿರಿಯರಲ್ಲಿ ಹೆಚ್ಚಿನವರು ಸಭೆಗೆ ಮೊದಲೇ ಮಾತಾಡಿಕೊಂಡಿದ್ದರು.

ನಮ್ಮ ಸಭಾಮನೆಗೆ ಎಂಟು ಕಂಬ, ಎಂಟು ಮನೆತನ. ಮನೆತನದ ಹಿರಿಯ ತನ್ನ ಕಂಬಕ್ಕೆ ಒರಗಿ ಕೂತು ಮಾತಾಡುತ್ತಾನೆ. ಒಂದು ಕಂಬ ಒಪ್ಪದಿದ್ದರೆ ಆ ಮನೆತನದ ನೆಲ ಮುಟ್ಟುವಂತಿಲ್ಲ, ಆದರೆ ಖಾಲಿ ಕಂಬಕ್ಕೆ ಬಾಯಿಲ್ಲ. ತೆಮುಕಿಸಾಳ ಅಣ್ಣ ತೆಲಾವ ಮಕ್ಕಳಿಲ್ಲದೆ ಸತ್ತ ಮೇಲೆ ಅವರ ಕಂಬ ಖಾಲಿ. ಹದಿನೆಂಟು ತುಂಬಿದ ಯಾರು ಬೇಕಾದರೂ ಸಭೆಯಲ್ಲಿ ಮಾತಾಡಬಹುದೆಂಬ ಕಾನೂನು ಹಡಗಿನಲ್ಲಿ ಬಂದು ಎಷ್ಟೋ ವರ್ಷವಾಯಿತು. ಅದು ಇನ್ನೂ ದಡಕ್ಕೆ ಇಳಿದಿಲ್ಲ. ಹೆಂಗಸರು ಅಂಚಿನಲ್ಲಿ ಕೂರುತ್ತೇವೆ, ಊಟ ಬಡಿಸುತ್ತೇವೆ. ನಾನು ಪಂಚಾಯಿತಿಯ ಗುಮಾಸ್ತೆ. ನಡೆದದ್ದನ್ನು ಬರೆಯಲು ಕೈ ಇದ್ದರೆ ಸಾಕು, ಬಾಯಿ ಇರಬಾರದು.

ಆ ದಿನ ತೆಮುಕಿಸಾ ಚಾಪೆ ಸುತ್ತಿಕೊಂಡು ಬಂದವಳು ಸೀದಾ ಅಣ್ಣನ ಕಂಬದ ಬುಡಕ್ಕೆ ಹೋಗಿ, ಹಾಸಿ, ಒರಗಿ ಕೂತಳು.

ಊರಿನ ಮುಖ್ಯಸ್ಥ ಕಾಯ್ತು ಕೆಮ್ಮಿದ. "ಏನಮ್ಮ ತೆಮುಕಿಸಾ, ಸೊಂಟ ನೋವಾ?"

"ಹೂಂ ಅಣ್ಣ."

"ಮನೇಲಿ ಮಲ್ಕೋಬೇಕಪ್ಪ ಹಂಗಿದ್ರೆ. ಅದು ಮಾತಾಡೋರು ಕೂರೋ ಜಾಗ."

"ಮಾತಾಡೋಕೇ ಬಂದಿದೀನಿ. ಈ ಸೊಂಟ ಬಿದ್ದಿದ್ದು ಆ ಗುಂಡೀಲಿ. ಅದನ್ನ ಮುಚ್ತೀರಂತೆ. ನಂಗೆ ಒಪ್ಪಿಗೆ ಇಲ್ಲ."

ಮೂಲೆಯ ಕಂಬದ ಸೊಲೋಫಾ ನಕ್ಕ. "ನಾಳೆ ಕೋಳಿಗಳೂ ಬಂದು ಒರಗ್ತವೆ ಬಿಡಿ."

"ಬರ್ಲಿ. ನಿನ್ನ ಗುಂಡೀಲಿ ಕೆದಕೋಕೆ ಏನಿದೆ ಪಾಪ, ಹುಲ್ಲು ಬಿಟ್ರೆ?"

ಅಂಚಿನಲ್ಲಿದ್ದ ಹೆಂಗಸರು ಅಂಗೈಯಲ್ಲಿ ನಗು ಮುಚ್ಚಿಕೊಂಡರು.

ಕಾಯ್ತು ಕೆಟ್ಟವನಲ್ಲ, ಅವಳ ಗೆಡ್ಡೆ ತಿಂದವನೇ. ನನ್ನ ಕಡೆ ತಿರುಗಿದ. "ಬರ್ಕೊಳಮ್ಮ, ತೆಲಾವನ ಕಂಬ ಒಪ್ಪಲಿಲ್ಲ ಅಂತ. ಗುಂಡಿ ಉಳೀತು. ಇವಳ ಹೆಸರು ಬೇಡ. ಇಲ್ಲಿಗೆ ಬಿಟ್ಬಿಡೋಣ."

ನನಗೆ ಜೀವ ಬಂದಂತಾಗಿ ಪೆನ್ನು ಎತ್ತಿದೆ.

"ಬರೀಬೇಡ ಕಣೇ," ಎಂದಳು ಅತ್ತೆ. "ಮುಂದಿನ ವರ್ಷ ಇನ್ನೊಂದು ಕಾಗದ ಬರುತ್ತೆ. ಆಗ ಕಂಬ ಎದ್ದು ಬಂದು ಅಡ್ಡ ಮಲಗುತ್ತಾ? ನನ್ನ ಹೆಸರು ಬರಿ."

"ಹೆಸರು ಬರೆದ್ರೆ ಅದು ಹೆಂಗಸಿನ ಮಾತಾಗುತ್ತೆ, ಎಲ್ಲಾ ಕಂಬಾನೂ ಕೇಳಬೇಕಾಗುತ್ತೆ," ಎಂದ ಕಾಯ್ತು. "ಗುಂಡಿ ಹೋದ್ರೂ ಹೋಯ್ತು. ಯೋಚ್ನೆ ಮಾಡು."

"ಮಾಡಿದೀನಿ. ಕೇಳು, ಎಲ್ಲಾ ಕಂಬಾನೂ."

ಅವಳ ಮೇಲೆ ನನಗೆ ಸಿಟ್ಟು ಬಂತು. ಕೈಗೆ ಬಂದ ತುತ್ತನ್ನು ತಾನೇ ಚೆಲ್ಲುತ್ತಿದ್ದಾಳಲ್ಲ! ಆದರೂ ಅವಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದೆ.

ಸೊಲೋಫಾ ಎದ್ದ. "ಹೆಂಗಸು ಒರಗಿದ ಸಭೇಲಿ ನಾನು ಕೂರೋನಲ್ಲ." ಅವನ ಹಿಂದೆ ಇನ್ನೂ ಮೂವರು ಹಿರಿಯರು ಪಂಚೆ ಕೊಡವಿಕೊಂಡು ಹೊರಟುಹೋದರು. ಗುಂಡಿ ಮುಚ್ಚಲೇಬೇಕು ಎಂದಿದ್ದವರು ಆ ನಾಲ್ವರೇ.

ಕಾಯ್ತು ಅವರು ಮರೆಯಾಗುವ ತನಕ ನೋಡಿದ. ಆಮೇಲೆ ಅವರು ಬಿಟ್ಟುಹೋದ ಕಂಬಗಳನ್ನು ಒಂದೊಂದಾಗಿ ನೋಡಿದ. ಮೀಸೆಯಡಿ ನಗು ಒತ್ತಿಹಿಡಿದು ಉಳಿದ ಇಬ್ಬರನ್ನು ಕೇಳಿದ. "ಖಾಲಿ ಕಂಬನ ಕೇಳೋ ಪದ್ಧತಿ ನಮ್ಮಲ್ಲಿಲ್ಲ. ತೆಮುಕಿಸಾ ಬೇಡ ಅಂತಾಳೆ. ನೀವೇನಂತೀರಿ?"

ಚರ್ಚಿನ ಹಿಂದೆ ಜಾಗ ಇದೆಯಲ್ಲ, ಎಂದರು ಅವರು. ಮೀನು ಹೊರುವವರಿಗೆ ಅದು ದೂರ. ನನ್ನ ಗಂಡ ಇವತ್ತಿಗೂ ಅವಳನ್ನು ಬೈದುಕೊಂಡೇ ಬುಟ್ಟಿ ಹೊರುತ್ತಾನೆ.

ಆ ದಿನ ಊಟ ಮುಗಿದು ಎಲ್ಲರೂ ಹೋದ ಮೇಲೂ ಅತ್ತೆ ಕೂತೇ ಇದ್ದಳು. ಸೊಂಟ ಹಿಡಿದುಕೊಂಡಿರಬೇಕು ಎಂದು ಎಬ್ಬಿಸಲು ಕೈ ಕೊಟ್ಟೆ.

"ಇರು," ಎಂದಳು. "ಅರವತ್ಮೂರು ವರ್ಷ ಆಯ್ತು ನಂಗೆ. ಈ ಮನೆ ಇಲ್ಲಿಂದ ಹೆಂಗೆ ಕಾಣುತ್ತೆ ಅಂತ ಒಂದಿನಾನೂ ನೋಡಿರ್ಲಿಲ್ಲ."