ಉಷ್ಣಕ್ಕೆ ಶಾಖ

ನಾನು ಮೊದಲ ಪಿಯುಸಿಯಲ್ಲಿದ್ದ ೧೯೯೮ರ ಫೆಬ್ರವರಿಯಲ್ಲಿ ಅಮ್ಮನ ಬಲಗಣ್ಣಿನ ಮೇಲಿನ ರೆಪ್ಪೆಯೊಳಗೆ ಹೆಸರುಕಾಳಿನಷ್ಟು ಗಂಟು ಎದ್ದಿತು. ನೋವಿರಲಿಲ್ಲ. ರೆಪ್ಪೆ ಮಗುಚಿದರೆ ಒಳಗೆ ಕೆಂಪಗೆ ಕಾಣುತ್ತಿತ್ತು. ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಕೆಸರೆಯ ಆ ಮನೆಯಲ್ಲಿ ಅಮ್ಮ, ಅಪ್ಪನ ತಾಯಿ, ನಾನು. ಅಮ್ಮ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಿದ್ದಳು. ಮನೆ ನಡೆಯುತ್ತಿದ್ದುದು ಅದರಿಂದಲೇ.

"ಉಷ್ಣ ಕಣಮ್ಮ," ಎಂದಳು ಅಜ್ಜಿ. "ದಿನಾ ಆ ಮಿಷಿನ್ ಮುಂದೆ ಕೂತ್ರೆ ಮೈ ಕಾಯದೆ ಇನ್ನೇನಾಯ್ತದೆ?"

ನಮ್ಮ ಮನೆಯಲ್ಲಿ ಆ ಮಾತಿಗೆ ಎದುರು ಮಾತಿರಲಿಲ್ಲ. ಬಾಯಿಹುಣ್ಣಿಗೂ ನನ್ನ ಪರೀಕ್ಷೆಯ ತಲೆನೋವಿಗೂ ಉಷ್ಣವೇ ಕಾರಣ, ತಂಪು ಮಾಡುವುದೇ ಮದ್ದು. ಅಮ್ಮನ ನೆತ್ತಿಗೆ ಹರಳೆಣ್ಣೆ ಬಿತ್ತು. ರಾತ್ರಿ ಅಜ್ಜಿ ನಂದಿಬಟ್ಟಲ ಹೂವನ್ನು ನೀರಿನಲ್ಲಿ ನೆನೆಸಿ ಅವಳ ಕಣ್ಣಿನ ಮೇಲೆ ಇಡುತ್ತಿದ್ದಳು. ಗಂಟಿನ ಗಾತ್ರವನ್ನು ನಾನು ಡೈರಿಯಲ್ಲಿ ಬರೆದಿಡುತ್ತಿದ್ದೆ; ಯುಗಾದಿಯ ಹೊತ್ತಿಗೆ ಅಲ್ಲಿ ಹೆಸರುಕಾಳು ತೊಗರಿಯಾಗಿತ್ತು.

ವಿಜಯನಗರದ ಕಣ್ಣಿನ ಡಾಕ್ಟರು, ಅಮ್ಮನ ವಯಸ್ಸಿನ ಹೆಂಗಸು, ರೆಪ್ಪೆ ಮಗುಚಿ ನೋಡಿದರು. "ರೆಪ್ಪೆಯೊಳಗೆ ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳಿರ್ತವೆ. ಒಂದರ ಬಾಯಿ ಕಟ್ಕೊಂಡಿದೆ. ಚಳೀಲಿ ತುಪ್ಪ ಗಟ್ಟಿ ಆಗಲ್ವಾ, ಹಾಗೆ. ಬಿಸಿನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಶಾಖ ಕೊಡಿ. ಆಮೇಲೆ ರೆಪ್ಪೆ ಅಂಚಿನ ಕಡೆಗೆ ಮೆತ್ತಗೆ ನೀವಿ. ಹಿಚುಕಬೇಡಿ."

ಮನೆಗೆ ಬಂದು ಹೇಳಿದರೆ ಅಜ್ಜಿ ಕೂತಲ್ಲಿಂದ ಎದ್ದೇಬಿಟ್ಟಳು. "ಉಷ್ಣಕ್ಕೆ ಶಾಖವಾ? ಉರಿಯೋ ಒಲೆಗೆ ಸೌದೆ ಇಕ್ಕಿದಂಗಾಯ್ತಲ್ಲ! ಎಂಗಮ್ಮಾ ಓದಿದ್ಲು ಅವಳು?"

ಅಮ್ಮ ಎರಡನ್ನೂ ನಡೆಸಿದಳು. ಬೆಳಿಗ್ಗೆ ಅಜ್ಜಿ ದೇವಸ್ಥಾನಕ್ಕೆ ಹೋದಾಗ ಶಾಖ, ರಾತ್ರಿ ಅಜ್ಜಿಯ ಕೈಯಿಂದ ಹೂವು. ಗಂಟು ಕರಗಿತು. "ನೋಡಿದ್ರಾ?" ಎಂದಳು ಅಜ್ಜಿ ಗೆದ್ದವಳಂತೆ. ಅಮ್ಮ ನನ್ನ ಕಡೆ ನೋಡಿ ನಗು ತಡೆಯಲು ಬಾಯಿ ಬಿಗಿಹಿಡಿದಳು.

ಸೆಪ್ಟೆಂಬರಿನಲ್ಲಿ ಅದೇ ಜಾಗದಲ್ಲಿ ಮತ್ತೆ ಬಂತು. ಈ ಸಲ ಶಾಖಕ್ಕೂ ಜಗ್ಗಲಿಲ್ಲ. ಡಾಕ್ಟರು ರೆಪ್ಪೆಗೆ ಮರಗಟ್ಟಿಸುವ ಸೂಜಿ ಚುಚ್ಚಿ, ಒಳಗಡೆಯಿಂದಲೇ ಸೀಳಿ, ಕೆರೆದು ತೆಗೆದರು. ದೀಪಾವಳಿ ಕಳೆದ ಮೇಲೆ ಮೂರನೆಯ ಸಲ ಬಂದಾಗ ಅವರು ಬಹಳ ಹೊತ್ತು ನೋಡಿದರು.

"ಅದೇ ಜಾಗಕ್ಕೆ ಮತ್ತೆ ಮತ್ತೆ ಬರ್ತಿದೆ. ನಿಮಗೂ ಐವತ್ತಾಗ್ತಾ ಬಂತು. ಈ ಸಲ ತೆಗೆದದ್ದನ್ನ ಪರೀಕ್ಷೆಗೆ ಕಳಿಸೋಣ. ಬಹಳ ಜನಕ್ಕೆ ಏನೂ ಇರಲ್ಲ. ಆದ್ರೆ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗ್ಬೇಕು."

"ಇದ್ರೆ ಕಣ್ಣು?" ಎಂದಳು ಅಮ್ಮ.

"ಇದ್ರೆ ಆಗ ಮಾತಾಡೋಣಮ್ಮ."

ಗಂಟು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ, ವರದಿ ಬರುವವರೆಗೆ ಮನೆಯಲ್ಲಿ ಯಾರೂ ಉಷ್ಣದ ಹೆಸರೆತ್ತಲಿಲ್ಲ. ಹೊಲಿಯದ ಸೀರೆಗಳನ್ನು ಅಮ್ಮ ಒಂದೊಂದಾಗಿ ಮಡಚಿ ಅವರವರ ಮನೆಗೆ ಕಳಿಸಿದಳು. ಒಂದು ಸಂಜೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ನನ್ನನ್ನು ಹತ್ತಿರ ಕರೆದಳು.

"ಚಳೀಲಿ ತುಪ್ಪ ಗಟ್ಟಿ ಆದಂಗೆ ಅಂದ್ಲಂತಲ್ಲ ಡಾಕ್ಟ್ರು. ನಾನು ತಂಪು ಮಾಡಿದ್ದಕ್ಕೇ ಗಟ್ಟಿ ಆಗ್ಬುಡ್ತೇನೇ?"

"ಇಲ್ಲ ಅಜ್ಜಿ," ಎಂದೆ. ನನಗೆ ಗೊತ್ತಿರಲಿಲ್ಲ. ಡೈರಿಯ ಆ ದಿನದ ಪುಟದಲ್ಲಿ ತಾರೀಖು ಮಾತ್ರ ಇದೆ.

ವರದಿಯ ದಿನ ಅಜ್ಜಿ ಯಾರೂ ಕರೆಯದೆ ಆಟೋ ಹತ್ತಿ ಕೂತಳು. ಡಾಕ್ಟರು ಕಾಗದ ಓದಿ ತಲೆಯೆತ್ತಿದರು. "ಕೆಟ್ಟದ್ದಲ್ಲ. ಎಣ್ಣೆ ಕಟ್ಕೊಂಡ ಗಂಟೇ." ಅಜ್ಜಿ ಮುಂದೆ ಬಾಗಿ, ನನ್ನನ್ನು ಕೇಳಿದ್ದನ್ನೇ ಅವರನ್ನೂ ಕೇಳಿಬಿಟ್ಟಳು. ತಂಪಿನಿಂದ ಹೀಗಾಗುವುದಿಲ್ಲ ಎಂದರು ಅವರು. ಆದರೆ ಇನ್ನು ಮೇಲೆ ದಿನವೂ ಎರಡೂ ಕಣ್ಣಿಗೆ ಶಾಖ, ರೆಪ್ಪೆಯ ಅಂಚು ಶುಚಿಯಾಗಿರಬೇಕು, ಕೈಗೆ ಸಿಕ್ಕಿದ್ದರಲ್ಲಿ ಒರೆಸಬಾರದು.

ಹೊರಗೆ ಮೆಟ್ಟಿಲ ಮೇಲೆ ಅಮ್ಮ ಕೂತುಬಿಟ್ಟಳು. ಅಷ್ಟು ದಿನ ಬಾರದ ಅಳು ಆಗ ಬಂತು. ಅಜ್ಜಿ ಪಕ್ಕದಲ್ಲಿ ಕೂತು ಸೆರಗಿನ ತುದಿ ಹಿಡಿದು ಅಮ್ಮನ ಕಣ್ಣೊರೆಸಲು ಕೈಯೆತ್ತಿದವಳು, ಅರ್ಧಕ್ಕೇ ನಿಲ್ಲಿಸಿದಳು.

"ಸೆರಗು ಬ್ಯಾಡ. ಒಗೆದಿರೋ ಕರ್ಚೀಫು ಇದ್ರೆ ಕೊಡೇ," ಎಂದು ನನ್ನತ್ತ ಕೈ ಚಾಚಿದಳು.