ಗುರುತು ಹಿಡಿಯದ ಕಂಪ್ಯೂಟರ್

ಆರು ಹಳೆಯ ಕಂಪ್ಯೂಟರ್‌ಗಳ ವ್ಯಾಪಾರ. ಎದುರಿಗೇ ಚಾಲೂ ಮಾಡಿ ತೋರಿಸಿದರಷ್ಟೇ ಖರೀದಿ ಎಂದಿತ್ತು ಅಂಕೋಲೆಯ ಮೀನುಗಾರ ಮಹಿಳೆಯರ ಸಂಘ. ಮೊದಲನೆಯದೇ ನನ್ನ ವಿಂಡೋಸ್ ತುಂಬುವ ಪೆನ್‌ಡ್ರೈವನ್ನು ಒಳಗೆ ಬಿಡಲಿಲ್ಲ. ಗುರುತಿಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಎಂಬ ಕಾವಲಿನಲ್ಲಿ, ಇವನ್ನು ಹಿಂದೆ ಬಳಸಿದ್ದ ಕಚೇರಿಯವರು ತಮ್ಮ ಗುರುತಿನ ಕೀಗಳನ್ನಷ್ಟೇ ಉಳಿಸಿದ್ದರು.

“ಈ ಕಾವಲನ್ನೇ ಆಫ್ ಮಾಡಿಬಿಡ್ತೇನೆ ಅಕ್ಕಾ,” ಎಂದೆ.

ಒಣಮೀನು ಮಾರುವ ಅಧ್ಯಕ್ಷೆ ನಕ್ಕರು. “ಮೀನು ಕಾಯೋ ನಾಯಿ ನಮಗೇ ಬೊಗಳ್ತು ಅಂತ ಓಡಿಸ್ತೇವಾ ಶೇಟ್ರೇ? ಗುರ್ತು ಮಾಡಿಸ್ತೇವೆ.”

ಮಾತು ಸರಿಯಿತ್ತು. ಸೆಟ್ಟಿಂಗ್ಸಿಗೆ ಹೋಗಿ, ಕಂಪ್ಯೂಟರ್ ತಯಾರಿಸಿದ ಕಂಪನಿಯ, ವಿಂಡೋಸಿನ ಗುರುತೂ ಇರುವ ಮೂಲ ಕೀಗಳನ್ನು ಮರಳಿ ತುಂಬಿದೆ. ಪೆನ್‌ಡ್ರೈವ್ ಸಲೀಸಾಗಿ ಒಳಹೊಕ್ಕಿತು, ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಆರೂ ಮಾರಾಟವಾದವು. ಪಕ್ಕದೂರಿನ ಸಂಘದಿಂದ ಇನ್ನೂ ನಾಲ್ಕಕ್ಕೆ ಮಾತು ಬಂತು. ಮೇಲಿಂದ ಅಕ್ಕ ಕೊಟ್ಟ ಒಂದು ಕಟ್ಟು ಒಣ ಬಂಗಡೆ. ಅದರ ದೆಸೆಯಿಂದ ಕಾರವಾರದ ಬಸ್ಸಿನಲ್ಲಿ ಮೂರು ಜನರ ಸೀಟು ನನಗೊಬ್ಬನಿಗೇ ಸಿಕ್ಕಿತು.